ಸ್ಪ್ಯಾನಿಷ್ ಅಕಾಡೆಮಿಯ ನಿಘಂಟಿನಲ್ಲಿ 'ತೆನೇರ್': ಒಂದು ಕ್ರಿಯಾರೂಪ ಪಟ್ಟಿಯ ವಿಮರ್ಶೆ

ಸ್ಪ್ಯಾನಿಷ್ ಕಲಿಯಲು ತೊಡಗಿದವರಿಗೆ ಆರಂಭದ ಪಾಠಗಳಲ್ಲೇ ಎದುರಾಗುವ ಕ್ರಿಯಾಪದ 'ತೆನೇರ್'. ಕೈಯಲ್ಲಿ ಹಣವಿದೆ, ಇಬ್ಬರು ಮಕ್ಕಳಿದ್ದಾರೆ, ಹಸಿವಾಗಿದೆ, ಬಾಯಾರಿಕೆಯಾಗಿದೆ, ಚಳಿಯಾಗುತ್ತಿದೆ, ವಯಸ್ಸು ಮೂವತ್ತಾಯಿತು, ನಾಳೆ ಹೋಗಲೇಬೇಕು ಎಂದು ನಾವು ಕನ್ನಡದಲ್ಲಿ ಬೇರೆ ಬೇರೆ ರೀತಿಯಲ್ಲಿ ಹೇಳುವ ಮಾತುಗಳಿಗೆಲ್ಲ ಸ್ಪ್ಯಾನಿಷ್ ಈ ಒಂದೇ ಕ್ರಿಯಾಪದವನ್ನು ದುಡಿಸಿಕೊಳ್ಳುತ್ತದೆ. ದಿನಬಳಕೆಯ ಮಾತಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವೇ ಇಲ್ಲ. ಆದರೆ ಸಾಮಾನ್ಯ ಕ್ರಿಯಾಪದಗಳು ಪಾಲಿಸುವ ನಿಯಮವನ್ನು ಇದು ಹೆಜ್ಜೆ ಹೆಜ್ಜೆಗೂ ಮುರಿಯುತ್ತದೆ. ಇಂಥ ಕ್ರಿಯಾಪದದ ಸರಿಯಾದ ರೂಪವನ್ನು ಎಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು ಎಂದು ನನ್ನ ಬಳಿ ಪಾಠಕ್ಕೆ ಬರುವವರು ಕೇಳಿದಾಗ ನಾನು ಹೇಳುವ ಹೆಸರು ಒಂದೇ: ಮ್ಯಾಡ್ರಿಡ್‌ನ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲಾ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ನಿಘಂಟು, ಅದರಲ್ಲೂ ಆ ನಿಘಂಟಿನೊಳಗಿನ ಕ್ರಿಯಾರೂಪಗಳ ಪಟ್ಟಿ. ಈ ಪಟ್ಟಿ ಎಷ್ಟು ಉಪಯುಕ್ತ, ಎಲ್ಲಿ ಕಲಿಯುವವರ ಕೈಬಿಡುತ್ತದೆ ಎಂಬುದನ್ನು 'ತೆನೇರ್' ಕ್ರಿಯಾಪದವನ್ನೇ ಒರೆಗೆ ಹಚ್ಚಿ ಇಲ್ಲಿ ವಿವರಿಸಿದ್ದೇನೆ. ಸ್ಪ್ಯಾನಿಷ್ ರೂಪಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಒತ್ತು ಬೀಳುವ ಸ್ವರವನ್ನು ಸಾಧ್ಯವಾದ ಕಡೆ ದೀರ್ಘವಾಗಿ ತೋರಿಸಿದ್ದೇನೆ.

ಅಕಾಡೆಮಿಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. 1713ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ತನ್ನ ಮೊದಲ ನಿಘಂಟನ್ನು 1726ರಿಂದ 1739ರವರೆಗೆ ಆರು ಸಂಪುಟಗಳಲ್ಲಿ ಹೊರತಂದಿತು. ಈಗ ಬಳಕೆಯಲ್ಲಿರುವುದು 2014ರಲ್ಲಿ ಪ್ರಕಟವಾದ 23ನೆಯ ಆವೃತ್ತಿ, ಮತ್ತು ಅದರ ಅಂತರ್ಜಾಲ ರೂಪವನ್ನು 2017ರಿಂದೀಚೆಗೆ ಆಗಾಗ ಪರಿಷ್ಕರಿಸುತ್ತ ಬಂದಿದ್ದಾರೆ. ಇದು ಸ್ಪೇನ್ ದೇಶದ ಕೆಲಸ ಮಾತ್ರವಲ್ಲ ಎಂಬುದನ್ನು ಗಮನಿಸಬೇಕು. 1951ರಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದ ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ ಇದರಲ್ಲಿ ಪಾಲುದಾರ. ಲ್ಯಾಟಿನ್ ಅಮೆರಿಕದ ದೇಶಗಳ ಅಕಾಡೆಮಿಗಳೆಲ್ಲ ಆ ಒಕ್ಕೂಟದಲ್ಲಿವೆ. ಈ ಪಾಲುದಾರಿಕೆಯ ಫಲ ಕ್ರಿಯಾರೂಪಗಳ ಪಟ್ಟಿಯಲ್ಲಿ ಕಣ್ಣಿಗೆ ಕಾಣುವಂತಿದೆ.

ಹುಡುಕುವ ಕ್ರಮ ಸರಳವಾಗಿದೆ. ಕ್ರಿಯಾಪದದ ಮೂಲರೂಪವನ್ನು ಹುಡುಕಿದರೆ ಅದರ ನಮೂದು ತೆರೆದುಕೊಳ್ಳುತ್ತದೆ. ಅರ್ಥಗಳ ಜೊತೆಗೆ ಕ್ರಿಯಾರೂಪಗಳನ್ನು ನೋಡಲು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೊದಲಿಗೆ ಪುರುಷ ವಚನಗಳ ಹಂಗಿಲ್ಲದ ರೂಪಗಳು, ಅಂದರೆ 'ತೆನೇರ್', 'ತೆನಿಯೆಂದೊ', 'ತೆನೀದೊ' ಬರುತ್ತವೆ. ಅನಂತರ ನಿಶ್ಚಯಾರ್ಥದ ಕಾಲಗಳು, ಆಮೇಲೆ ಆಸೆ, ಅನುಮಾನ ಮುಂತಾದವನ್ನು ಹೇಳುವ 'ಸುಬ್ಖುಂತೀಬೊ' ಎಂಬ ಬಗೆಯ ಕಾಲಗಳು, ಕೊನೆಯಲ್ಲಿ ವಿಧ್ಯರ್ಥ. ಜಾಹೀರಾತಿನ ಕಾಟವಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಬೇರೆ ಭಾಷೆಗಳ ಮೂಲಕ ಸ್ಪ್ಯಾನಿಷ್ ಕಲಿಸುವ ಎಷ್ಟೋ ತಾಣಗಳಲ್ಲಿ ಒಂದು ರೂಪವನ್ನು ಹುಡುಕುವಷ್ಟರಲ್ಲಿ ನಾಲ್ಕು ಜಾಹೀರಾತುಗಳನ್ನು ದಾಟಬೇಕಾಗುವುದರಿಂದ, ಈ ಶುಭ್ರತೆಯನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ.

ಈಗ ವರ್ತಮಾನ ಕಾಲದ ಸಾಲುಗಳನ್ನು ಹತ್ತಿರದಿಂದ ನೋಡೋಣ. 'ನಾನು' ಎಂಬುದಕ್ಕೆ 'ತೆಂಗೊ'. 'ನೀನು' ಎಂಬುದಕ್ಕೆ 'ತಿಯೇನೆಸ್'. 'ಅವನು', 'ಅವಳು' ಎಂಬುದಕ್ಕೆ 'ತಿಯೇನೆ'. 'ನಾವು' ಎಂಬುದಕ್ಕೆ 'ತೆನೇಮೊಸ್'. ಸ್ಪೇನ್‌ನಲ್ಲಿ ಸಲುಗೆಯ 'ನೀವುಗಳು' ಎಂಬುದಕ್ಕೆ 'ತೆನೇಯ್ಸ್'. 'ಅವರು' ಎಂಬುದಕ್ಕೆ 'ತಿಯೇನೆನ್'. ಈ ಆರು ರೂಪಗಳಲ್ಲಿ ಮೂರು ಬೇರೆ ಬೇರೆ ಧಾತುರೂಪಗಳಿವೆ. 'ತೆನ್' ಎಂಬುದು ಮೂಲ ಧಾತು. ಒತ್ತು ಧಾತುವಿನ ಸ್ವರದ ಮೇಲೆ ಬಿದ್ದಾಗ ಅದರ ಎಕಾರ ಒಡೆದು 'ಇಯೆ' ಆಗುತ್ತದೆ. ಒತ್ತು ಪ್ರತ್ಯಯಕ್ಕೆ ಜಾರಿದ 'ತೆನೇಮೊಸ್', 'ತೆನೇಯ್ಸ್' ರೂಪಗಳಲ್ಲಿ ಎಕಾರ ಹಾಗೆಯೇ ಉಳಿಯುತ್ತದೆ. 'ಬೇಕೆನ್ನು' ಎಂಬ ಅರ್ಥದ 'ಕೆರೇರ್', 'ಯೋಚಿಸು' ಎಂಬ ಅರ್ಥದ 'ಪೆನ್ಸಾರ್' ಮುಂತಾದ ಹಲವು ಕ್ರಿಯಾಪದಗಳಲ್ಲಿಯೂ ಇದೇ ಬದಲಾವಣೆ ಕಾಣುತ್ತದೆ. 'ತೆಂಗೊ' ರೂಪದ ಗಕಾರ ಮಾತ್ರ ಬೇರೆ ಬಗೆಯದು. ಲ್ಯಾಟಿನ್‌ನ 'ತೆನೆಯೊ' ರೂಪದಲ್ಲಿ ಇರದಿದ್ದ ಈ ಗಕಾರ ಸ್ಪ್ಯಾನಿಷ್‌ನಲ್ಲಿ ಬಂದು ಸೇರಿಕೊಂಡಿತು; 'ಬರುತ್ತೇನೆ' ಎಂಬ 'ಬೆಂಗೊ', 'ಇಡುತ್ತೇನೆ' ಎಂಬ 'ಪೊಂಗೊ', 'ಹೊರಡುತ್ತೇನೆ' ಎಂಬ 'ಸಾಲ್ಗೊ' ರೂಪಗಳಲ್ಲಿಯೂ ಅದು ಹೀಗೆಯೇ ಇದೆ. ಅಕಾಡೆಮಿಯ ಪಟ್ಟಿ ಈ ರೂಪಗಳನ್ನು ತಪ್ಪಿಲ್ಲದೆ ಕೊಡುತ್ತದೆ, ಆದರೆ ಇವುಗಳ ನಡುವಿನ ಸಂಬಂಧದ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಅನಿಯಮಿತವಾದ ಅಕ್ಷರಗಳನ್ನು ಬಣ್ಣದಿಂದಲೋ ದಪ್ಪಕ್ಷರದಿಂದಲೋ ಗುರುತಿಸುವುದೂ ಇಲ್ಲ. ಕಲಿಕೆಯ ತಾಣಗಳಲ್ಲಿ ಕೆಲವು ಈ ಉಪಕಾರವನ್ನು ಮಾಡುತ್ತವೆ, ಮತ್ತು ಆರಂಭದ ಹಂತದಲ್ಲಿ ಅದು ನಿಜಕ್ಕೂ ಸಹಾಯಕ.

ಅದೇ ವರ್ತಮಾನದ ಸಾಲುಗಳಲ್ಲಿ ಅಕಾಡೆಮಿ ಮಾಡಿರುವ ಒಂದು ಕೆಲಸವನ್ನು ಮಾತ್ರ ಮನಸಾರೆ ಮೆಚ್ಚಬೇಕು. 'ನೀನು' ಎಂಬ ಸಾಲಿನಲ್ಲಿ 'ತೂ' ಎಂಬ ಸರ್ವನಾಮದ ಪಕ್ಕದಲ್ಲೇ 'ಬೊಸ್' ಎಂಬುದನ್ನೂ, 'ತಿಯೇನೆಸ್' ರೂಪದ ಪಕ್ಕದಲ್ಲೇ 'ತೆನೇಸ್' ಎಂಬುದನ್ನೂ ಅದು ಕೊಡುತ್ತದೆ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆಗಳಲ್ಲಿಯೂ ಮಧ್ಯ ಅಮೆರಿಕದ ಬಹುಭಾಗದಲ್ಲಿಯೂ ಗೆಳೆಯನನ್ನು 'ಬೊಸ್' ಎಂದೇ ಕರೆಯುತ್ತಾರೆ. ಅಲ್ಲಿ 'ತೆನೇಸ್' ಎಂಬುದು ಸುಶಿಕ್ಷಿತರೂ ಆಡುವ ಸಹಜ ರೂಪ. ಹಲವು ಪಠ್ಯಪುಸ್ತಕಗಳು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ ಅಥವಾ ಹೇಳದೆಯೇ ಬಿಡುತ್ತವೆ. ಹಾಗೆ ಕಲಿತ ವಿದ್ಯಾರ್ಥಿಗೆ ಬ್ಯೂನಸ್ ಐರಿಸ್‌ನ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಮಾತನಾಡಿದಾಗ, ಎದುರಿನವರ ಬಾಯಲ್ಲಿ ಬಂದ ರೂಪ ತಪ್ಪೋ ಸರಿಯೋ ಎಂಬ ಗೊಂದಲ ಉಂಟಾಗುತ್ತದೆ. ಅಕಾಡೆಮಿಯ ಪಟ್ಟಿಯನ್ನು ನೋಡಿ ಕಲಿತವರಿಗೆ ಈ ಗೊಂದಲವಿರುವುದಿಲ್ಲ.

ಗೌರವದ 'ಉಸ್ತೇದ್' ಎಂಬ ಸರ್ವನಾಮಕ್ಕೂ ಅದರ ಬಹುವಚನ 'ಉಸ್ತೇದೆಸ್' ಎಂಬುದಕ್ಕೂ ಪ್ರತ್ಯೇಕ ಸಾಲುಗಳಿವೆ. ಎದುರಿಗಿರುವ ಹಿರಿಯರನ್ನು ಉದ್ದೇಶಿಸಿ ಆಡಿದರೂ 'ಉಸ್ತೇದ್' ಜೊತೆಗೆ ಬರುವುದು ಪ್ರಥಮ ಪುರುಷದ 'ತಿಯೇನೆ' ರೂಪವೇ. ನೀನು, ನೀವು, ತಾವು ಎಂಬ ಭೇದವನ್ನು ಬಾಲ್ಯದಿಂದಲೇ ಬಲ್ಲ ಕನ್ನಡಿಗರಿಗೆ ಈ ಗೌರವದ ಕಲ್ಪನೆ ಹೊಸದಲ್ಲ. ಅದಕ್ಕೆ ಕ್ರಿಯಾಪದದ ಪುರುಷವೇ ಬದಲಾಗುತ್ತದೆ ಎಂಬುದಷ್ಟೇ ಹೊಸದು, ಮತ್ತು ಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ. ಸ್ಪೇನ್‌ನ ಬಹುಭಾಗದಲ್ಲಿ ಸಲುಗೆಯ ಬಹುವಚನಕ್ಕೆ 'ಬೊಸೋತ್ರೊಸ್' ಎಂಬುದಿದ್ದರೆ, ಅಮೆರಿಕ ಖಂಡದಲ್ಲಿ ಮಕ್ಕಳ ಗುಂಪಿಗೂ ಮಂತ್ರಿಗಳ ಗುಂಪಿಗೂ 'ಉಸ್ತೇದೆಸ್ ತಿಯೇನೆನ್' ಎಂದೇ ಹೇಳುತ್ತಾರೆ. ಮೆಕ್ಸಿಕೋ ಅಥವಾ ಕೊಲಂಬಿಯಾದವರೊಡನೆ ವ್ಯವಹರಿಸಲು ಕಲಿಯುತ್ತಿರುವವರು 'ತೆನೇಯ್ಸ್' ಸಾಲನ್ನು ಗುರುತಿಸಬಲ್ಲವರಾದರೆ ಸಾಕು, ಬಾಯಿಪಾಠ ಮಾಡಬೇಕಾಗಿಲ್ಲ. ಇದನ್ನು ಪಟ್ಟಿ ಹೇಳುವುದಿಲ್ಲ, ಕಲಿಸುವವರು ಹೇಳಬೇಕು.

ಕನ್ನಡಿಗರು ಈ ಕ್ರಿಯಾಪದದಲ್ಲಿ ನಿಜವಾಗಿ ಎಡವುವ ಜಾಗ ಬೇರೆ ಇದೆ. 'ನನಗೆ ಇಬ್ಬರು ಮಕ್ಕಳಿದ್ದಾರೆ' ಎನ್ನುವಾಗ ನಮ್ಮ ವಾಕ್ಯದ ಕರ್ತೃ ಮಕ್ಕಳು. ಕ್ರಿಯಾಪದ ಅವರನ್ನು ಅನುಸರಿಸಿ ಬಹುವಚನವಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಕರ್ತೃ ನಾನೇ. ಮಕ್ಕಳು ಕರ್ಮಸ್ಥಾನಕ್ಕೆ ಹೋಗುತ್ತಾರೆ. ಆದ್ದರಿಂದ 'ತೆಂಗೊ' ಎನ್ನಬೇಕು. ಕನ್ನಡದ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡುವವರ ಬಾಯಲ್ಲಿ 'ತಿಯೇನೆನ್' ಬಂದುಬಿಡುವುದನ್ನು ನಾನು ಪಾಠದ ವೇಳೆ ಬಹಳ ಸಲ ಕೇಳಿದ್ದೇನೆ. ಇದಕ್ಕೆ ಪ್ರತಿಯಾಗಿ ಒಂದು ಅನುಕೂಲವೂ ನಮಗಿದೆ. 'ಇದ್ದೇನೆ', 'ಇದ್ದೀಯೆ' ಎಂದರೆ ಕರ್ತೃ ಯಾರೆಂಬುದು ಪ್ರತ್ಯಯದಿಂದಲೇ ತಿಳಿಯುವಂತೆ, 'ತೆಂಗೊ' ಎಂದೊಡನೆ 'ನಾನು' ಎಂಬುದು ಅದರಲ್ಲೇ ಅಡಗಿರುತ್ತದೆ. ಸರ್ವನಾಮವನ್ನು ಬಿಟ್ಟು ಮಾತನಾಡುವ ಅಭ್ಯಾಸವನ್ನು ಇಂಗ್ಲಿಷ್ ಮೂಲದ ಪಾಠಗಳು ಪುಟಗಟ್ಟಲೆ ವಿವರಿಸುತ್ತವೆ, ನಮಗೆ ಒಂದು ವಾಕ್ಯ ಸಾಕು.

ಪಟ್ಟಿಯ ಅತ್ಯಂತ ಬೆಲೆಬಾಳುವ ಭಾಗ, ನನ್ನ ಅಭಿಪ್ರಾಯದಲ್ಲಿ, ಮುಗಿದ ಭೂತಕಾಲದ ಸಾಲುಗಳು. 'ತೂಬೆ', 'ತುಬೀಸ್ತೆ', 'ತೂಬೊ', 'ತುಬೀಮೊಸ್', 'ತುಬೀಸ್ತೆಯ್ಸ್', 'ತುಬಿಯೇರೊನ್' ಎಂಬ ಈ ರೂಪಗಳಲ್ಲಿ ಮೂಲ ಧಾತುವಿನ ತಕಾರವೊಂದೇ ಉಳಿದಿದೆ. ಲ್ಯಾಟಿನ್‌ನ 'ತೆನುಯಿ' ಎಂಬ ರೂಪ ಹಳೆಯ ಸ್ಪ್ಯಾನಿಷ್‌ನಲ್ಲಿ 'ಅಬೇರ್' ಎಂಬ ಇನ್ನೊಂದು ಕ್ರಿಯಾಪದದ ಭೂತಕಾಲದ ಪ್ರಭಾವಕ್ಕೆ ಒಳಗಾಗಿ 'ತೋಬೆ' ಆಗಿ, ಮುಂದೆ 'ತೂಬೆ' ಎಂದು ನೆಲೆಗೊಂಡಿತು. ಸಾಮಾನ್ಯ ಕ್ರಿಯಾಪದಗಳಲ್ಲಿ ಈ ಕಾಲದ 'ನಾನು', 'ಅವನು' ರೂಪಗಳ ಒತ್ತು ಕೊನೆಯ ಸ್ವರದ ಮೇಲೆ ಬೀಳುತ್ತದೆ. 'ತಿಂದೆನು' ಎಂಬುದಕ್ಕೆ 'ಕೊಮೀ', 'ತಿಂದನು' ಎಂಬುದಕ್ಕೆ 'ಕೊಮಿಯೋ' ಎಂದು ಬರೆಯುವಾಗ ಆ ಸ್ವರದ ಮೇಲೆ ಓರೆಗೆರೆಯನ್ನು ಎಳೆಯಲೇಬೇಕು. 'ತೂಬೆ', 'ತೂಬೊ' ರೂಪಗಳಲ್ಲಿ ಒತ್ತು ಧಾತುವಿನ ಮೇಲೆಯೇ ಉಳಿಯುವುದರಿಂದ ಓರೆಗೆರೆ ಬೇಕಾಗಿಲ್ಲ, ಹಾಕಿದರೆ ತಪ್ಪಾಗುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅಂಕ ಕಳೆದುಕೊಳ್ಳಲು ಇದಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ. ಇದರ ಜೊತೆಗೆ ಸ್ಪ್ಯಾನಿಷ್‌ನ ಎರಡು ಬೇರೆ ಅಕ್ಷರಗಳು ಬಕಾರದ ಒಂದೇ ಧ್ವನಿಯನ್ನು ಸೂಚಿಸುವುದರಿಂದ, 'ಇತ್ತು' ಎಂಬ ಅರ್ಥದ 'ತೂಬೊ' ಮತ್ತು 'ಕೊಳವೆ' ಎಂಬ ಅರ್ಥದ 'ತೂಬೊ' ಕಿವಿಗೆ ಒಂದೇ, ಬರವಣಿಗೆಯಲ್ಲಿ ಬೇರೆ. ಸ್ಪ್ಯಾನಿಷ್ ಮಾತೃಭಾಷೆಯವರೂ ಅವಸರದ ಬರವಣಿಗೆಯಲ್ಲಿ ಇವನ್ನು ಅದಲುಬದಲು ಮಾಡುತ್ತಾರೆ. ಇಂಥ ಕಡೆ ನಂಬಬಹುದಾದ ಒಂದು ಲಿಖಿತ ರೂಪ ಕಣ್ಣೆದುರಿಗೆ ಇರುವುದು ಎಷ್ಟು ಮುಖ್ಯವೆಂಬುದು ಬರೆಯಲು ಕುಳಿತವರಿಗೆ ಗೊತ್ತು.

ಭವಿಷ್ಯತ್ ಕಾಲದ ಸಾಲುಗಳನ್ನು ಓದಿದರೆ 'ತೆಂದ್ರೇ', 'ತೆಂದ್ರಾಸ್', 'ತೆಂದ್ರಾ' ಎಂದು ಸಾಗುತ್ತದೆ. ಮೂಲರೂಪವಾದ 'ತೆನೇರ್' ಎಂಬುದಕ್ಕೆ 'ಅಬೇರ್' ಕ್ರಿಯಾಪದದ ವರ್ತಮಾನ ರೂಪ ಅಂಟಿಕೊಂಡು ಈ ಕಾಲ ಹುಟ್ಟಿತು. ಬರಬರುತ್ತ ನಡುವಿನ ಎಕಾರ ಸವೆದು, ನಕಾರ ರಕಾರಗಳ ನಡುವೆ ಉಚ್ಚಾರಣೆಯ ಸೌಲಭ್ಯಕ್ಕಾಗಿ ಒಂದು ದಕಾರ ಸೇರಿತು. ಷರತ್ತನ್ನು ಅವಲಂಬಿಸಿದ 'ತೆಂದ್ರೀಯಾ' ರೂಪಕ್ಕೂ ಇದೇ ಬುನಾದಿ. ಅಪೂರ್ಣ ಭೂತಕಾಲದ 'ತೆನೀಯಾ' ಮಾತ್ರ ಪೂರ್ತಿ ನಿಯಮಿತವಾಗಿರುವುದರಿಂದ ಅದರಲ್ಲಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ.

ಕಾಲಗಳ ಹೆಸರುಗಳ ವಿಷಯದಲ್ಲಿ ಅಕಾಡೆಮಿ ತೋರಿಸಿರುವ ಔದಾರ್ಯ ಹೊಸಬರಿಗೆ ಸ್ವಲ್ಪ ಕಷ್ಟ ಕೊಡಬಹುದು. ಪಟ್ಟಿಯಲ್ಲಿ ಹಲವು ಕಾಲಗಳಿಗೆ ಎರಡೆರಡು ಹೆಸರುಗಳಿವೆ. ಒಂದು ಅಕಾಡೆಮಿಯ ಪರಂಪರೆಯದು. ಇನ್ನೊಂದು ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ 1847ರಲ್ಲಿ ಪ್ರಕಟಿಸಿದ ವ್ಯಾಕರಣದಿಂದ ಬಂದದ್ದು. 'ತೆನೀಯಾ' ರೂಪದ ಕಾಲವನ್ನು ಸ್ಪೇನ್‌ನ ಶಾಲೆಯಲ್ಲಿ ಒಂದು ಹೆಸರಿನಿಂದ ಕಲಿತರೆ, ಬೆಯೊನ ಪದ್ಧತಿಯನ್ನು ಅನುಸರಿಸಿದ ಪಾಠದಲ್ಲಿ 'ಕೊಪ್ರೆತೇರಿತೊ' ಎಂದು ಕಲಿಯುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿರುವುದರಿಂದ ಯಾವ ದೇಶದ ಪಠ್ಯಪುಸ್ತಕ ಹಿಡಿದವರೂ ದಾರಿ ತಪ್ಪುವುದಿಲ್ಲ. ಆದರೆ ಹೆಸರುಗಳೆಲ್ಲ ಸ್ಪ್ಯಾನಿಷ್‌ನಲ್ಲೇ ಇವೆ, ಇಡೀ ತಾಣವೂ ಸ್ಪ್ಯಾನಿಷ್‌ನಲ್ಲೇ ಇದೆ. ವ್ಯಾಕರಣದ ಹತ್ತು ಹನ್ನೆರಡು ಪಾರಿಭಾಷಿಕ ಪದಗಳನ್ನು ಮೊದಲೇ ಕಲಿತುಕೊಳ್ಳದೆ ಈ ಪಟ್ಟಿಯನ್ನು ತೆರೆಯುವುದರಿಂದ ಪ್ರಯೋಜನವಿಲ್ಲವೆಂದು ನಾನು ವಿದ್ಯಾರ್ಥಿಗಳಿಗೆ ಮುಂಚಿತವಾಗಿಯೇ ಹೇಳುತ್ತೇನೆ.

ಆಸೆ, ಅನುಮಾನ, ಭಾವನೆ, ಆಗದಿರುವ ಸಂಗತಿ ಇವುಗಳನ್ನು ಹೇಳುವ ಉಪವಾಕ್ಯಗಳಲ್ಲಿ ಬರುವ 'ಸುಬ್ಖುಂತೀಬೊ' ಭಾಗ ನೋಡುವಾಗ, ಮೇಲೆ ಹೇಳಿದ ಧಾತುರೂಪಗಳ ಬೆಲೆ ತಿಳಿಯುತ್ತದೆ. ವರ್ತಮಾನದ 'ತೆಂಗ', 'ತೆಂಗಸ್', 'ತೆಂಗಾಮೊಸ್' ಎಲ್ಲವೂ 'ತೆಂಗೊ' ರೂಪದ ಗಕಾರವನ್ನೇ ಹೊತ್ತು ಬರುತ್ತವೆ. ಭೂತಕಾಲದ 'ತುಬಿಯೇರಾ' ಎಂಬುದು 'ತುಬಿಯೇರೊನ್' ರೂಪದ ಕೊನೆಯ ಭಾಗವನ್ನು ತೆಗೆದು ಕಟ್ಟಿದ್ದು. 'ಈಗ ನನ್ನ ಹತ್ತಿರ ಹಣ ಇದ್ದಿದ್ದರೆ' ಎಂಬ ಭಾವವನ್ನು ಸ್ಪ್ಯಾನಿಷ್‌ನಲ್ಲಿ ಹೇಳಲು ಬೇಕಾದ ರೂಪ ಇದೇ. ಕನ್ನಡದಲ್ಲಿಯೂ 'ಇದ್ದರೆ', 'ಬಂದರೆ', 'ತಂದರೆ' ಎಂಬ ರೂಪಗಳು 'ಇರು', 'ಬರು', 'ತರು' ಎಂಬ ಮೂಲದ ಮೇಲೆ ನಿಲ್ಲದೆ 'ಇದ್ದ', 'ಬಂದ', 'ತಂದ' ಎಂಬ ಭೂತರೂಪದ ಮೇಲೆ ನಿಂತಿವೆ ಎಂಬುದನ್ನು ತೋರಿಸಿಕೊಟ್ಟರೆ, 'ಆದರೆ', 'ಹೋದರೆ' ಎಂದು ದಿನವೂ ಆಡುವವರಿಗೆ ಸ್ಪ್ಯಾನಿಷ್‌ನ ಈ ಕಟ್ಟಡ ತಟ್ಟನೆ ಅರ್ಥವಾಗುತ್ತದೆ. ಇಂಗ್ಲಿಷ್ ಮೂಲಕ ಇದನ್ನು ವಿವರಿಸಲು ಹೆಣಗುವುದಕ್ಕಿಂತ ನಮ್ಮ ನಾಲಿಗೆಯಲ್ಲೇ ಇರುವ ದಾರಿಯನ್ನು ಹಿಡಿಯುವುದು ಎಷ್ಟೋ ಲೇಸು.

ಪಟ್ಟಿ ಇಲ್ಲಿ 'ತುಬಿಯೇರಾ' ಜೊತೆಗೆ 'ತುಬಿಯೇಸೆ' ಎಂಬ ಪರ್ಯಾಯ ರೂಪವನ್ನೂ ಕೊಡುತ್ತದೆ. ಇಂಥ ವಾಕ್ಯದಲ್ಲಿ ಎರಡೂ ಸರಿ. ಮಾತಿನಲ್ಲಿ, ಅದರಲ್ಲೂ ಅಮೆರಿಕ ಖಂಡದಲ್ಲಿ, ಮೊದಲನೆಯದು ಹೆಚ್ಚು. ಇವೆರಡರ ಕೆಳಗೆ 'ತುಬಿಯೇರೆ' ಎಂಬ ಭವಿಷ್ಯತ್ ರೂಪಕ್ಕೂ ಅಷ್ಟೇ ಜಾಗ ಕೊಟ್ಟಿದ್ದಾರೆ. ಅದು ಇಂದು ಕಾನೂನಿನ ಬರವಣಿಗೆಯಲ್ಲಿ ಮತ್ತು ಹಳೆಯ ಗಾದೆಗಳಲ್ಲಿ ಉಳಿದಿರುವುದನ್ನು ಬಿಟ್ಟರೆ ಬಳಕೆಯಿಂದ ಮರೆಯಾಗಿದೆ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಉರುಹೊಡೆಯುವ ಶ್ರದ್ಧಾವಂತ ವಿದ್ಯಾರ್ಥಿಯೊಬ್ಬ ಜೀವಂತ ರೂಪಗಳಿಗೆ ಕೊಟ್ಟಷ್ಟೇ ಸಮಯವನ್ನು ಇದಕ್ಕೂ ಕೊಡುತ್ತಾನೆ. ಬಳಕೆ ವಿರಳ ಎಂಬ ಒಂದು ಸಣ್ಣ ಸೂಚನೆ ಆ ಸಾಲಿನ ಪಕ್ಕದಲ್ಲೇ ಇದ್ದರೆ ಕಲಿಯುವವರ ಎಷ್ಟೋ ಶ್ರಮ ಉಳಿಯುತ್ತಿತ್ತು. ಉಚ್ಚಾರಣೆಯನ್ನು ಕೇಳಿಸುವ ವ್ಯವಸ್ಥೆಯಾಗಲಿ, ಪ್ರತಿ ರೂಪಕ್ಕೂ ಒಂದು ಉದಾಹರಣಾ ವಾಕ್ಯವಾಗಲಿ ಪಟ್ಟಿಯಲ್ಲಿ ಇಲ್ಲ. ಮಾತನ್ನು ಕಲಿಯಲು ಹೊರಟವರಿಗೆ ಇದು ಸಣ್ಣ ಕೊರತೆಯಲ್ಲ.

ವಿಧ್ಯರ್ಥದ ಸಾಲುಗಳು ಚಿಕ್ಕವು. 'ತೂ' ಎಂಬುದಕ್ಕೆ ಒಂದೇ ಅಕ್ಷರದ ಗಾತ್ರದ 'ತೆನ್', 'ಬೊಸ್' ಎಂಬುದಕ್ಕೆ 'ತೆನೇ', 'ಉಸ್ತೇದ್' ಎಂಬುದಕ್ಕೆ 'ತೆಂಗ', 'ಬೊಸೋತ್ರೊಸ್' ಎಂಬುದಕ್ಕೆ 'ತೆನೇದ್'. ಇವು ವಿಧಿಯ ರೂಪಗಳು ಮಾತ್ರ. 'ಬೇಡ' ಎನ್ನುವಾಗ ಸ್ಪ್ಯಾನಿಷ್ 'ಸುಬ್ಖುಂತೀಬೊ' ರೂಪಗಳನ್ನು ಬಳಸುತ್ತದೆ, ಆದ್ದರಿಂದ 'ಹೆದರಬೇಡ' ಎನ್ನಲು 'ನೊ ತೆಂಗಸ್ ಮಿಯೇದೊ' ಎಂದು ಹೇಳಬೇಕು; ಅದಕ್ಕೆ ಬೇಕಾದ 'ತೆಂಗಸ್' ರೂಪವನ್ನು ಮೇಲಿನ ಭಾಗದಿಂದ ತಾವೇ ಆರಿಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಈ ಪಟ್ಟಿಯನ್ನೇ ಮೊದಲು ಶಿಫಾರಸು ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಅಕಾಡೆಮಿಯ ನಿಘಂಟಿನಲ್ಲಿ 'ಕಾಪಾಡಿಕೊಂಡು ಬರು' ಎಂಬ ಅರ್ಥದ 'ಮಾಂತೆನೇರ್' ನಮೂದನ್ನು ತೆರೆದರೆ, ಅದರ ರೂಪಗಳು 'ತೆನೇರ್' ಕ್ರಿಯಾಪದದಂತೆಯೇ ಎಂಬ ಸಣ್ಣ ಸೂಚನೆ ಕಾಣುತ್ತದೆ. 'ಪಡೆದುಕೊಳ್ಳು' ಎಂಬ 'ಒಬ್ತೆನೇರ್', 'ತಡೆದು ನಿಲ್ಲಿಸು' ಎಂಬ 'ದೆತೆನೇರ್', 'ಒಳಗೊಂಡಿರು' ಎಂಬ 'ಕೊಂತೆನೇರ್', 'ಆಧಾರವಾಗಿ ನಿಲ್ಲು' ಎಂಬ 'ಸೊಸ್ತೆನೇರ್', 'ಮನರಂಜಿಸು' ಎಂಬ 'ಎಂತ್ರೆತೆನೇರ್' ಎಲ್ಲವೂ ಇದೇ ಮನೆತನದವು. 'ಪಡೆದನು' ಎಂಬುದು 'ಒಬ್ತೂಬೊ', 'ಪಡೆಯುತ್ತೇನೆ' ಎಂಬುದು 'ಒಬ್ತೆಂಗೊ'. ಒಂದು ಪಟ್ಟಿಯನ್ನು ಸರಿಯಾಗಿ ಕಲಿತವರಿಗೆ ಪತ್ರಿಕೆ, ಕಚೇರಿಪತ್ರ, ನ್ಯಾಯಾಲಯದ ಸುದ್ದಿ ಎಲ್ಲದರಲ್ಲಿಯೂ ಪದೇ ಪದೇ ಬರುವ ಕ್ರಿಯಾಪದಗಳ ಒಂದು ಗುಂಪೇ ಕೈವಶವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: 'ತೆನ್' ಎಂಬ ವಿಧ್ಯರ್ಥ ರೂಪದ ಮೇಲೆ ಓರೆಗೆರೆ ಇಲ್ಲದಿದ್ದರೂ 'ದೆತೇನ್', 'ಮಾಂತೇನ್' ಎಂದು ಬರೆಯುವಾಗ ಕೊನೆಯ ಸ್ವರದ ಮೇಲೆ ಅದು ಬರುತ್ತದೆ, ಏಕೆಂದರೆ ನಕಾರದಲ್ಲಿ ಮುಗಿಯುವ, ಒಂದಕ್ಕಿಂತ ಹೆಚ್ಚು ಉಚ್ಚಾರಾಂಶಗಳ ಪದದ ಕೊನೆಯ ಸ್ವರಕ್ಕೆ ಒತ್ತು ಬಿದ್ದರೆ ಗುರುತು ಹಾಕಬೇಕೆಂಬುದು ಸ್ಪ್ಯಾನಿಷ್ ಕಾಗುಣಿತದ ನಿಯಮ.

ಹೊಸದಿಲ್ಲಿಯಲ್ಲೂ ಒಂದು ಕೇಂದ್ರವಿರುವ ಸೆರ್ವಾಂತೆಸ್ ಸಂಸ್ಥೆಯ 'ದೆಲೆ' ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಗೆ ಸಿದ್ಧರಾಗುತ್ತಿರುವವರು ಮೊದಲ ಎರಡು ಹಂತಗಳಲ್ಲಿ ವರ್ತಮಾನ ಮತ್ತು ಎರಡು ಭೂತಕಾಲಗಳ ಸಾಲುಗಳನ್ನು ಬಿಗಿಯಾಗಿ ಕಲಿತುಕೊಂಡು, 'ಸುಬ್ಖುಂತೀಬೊ' ಭಾಗವನ್ನು ಮುಂದಿನ ಹಂತಕ್ಕೆ ಬಿಡಬಹುದು. ಒಂದು ರೂಪ ಎಲ್ಲಿ ಬಳಕೆಯಲ್ಲಿದೆ, ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಬಂದಾಗ ಅದೇ ಅಕಾಡೆಮಿಗಳು 2005ರಲ್ಲಿ ಪ್ರಕಟಿಸಿದ ಸಂದೇಹ ನಿವಾರಣೆಯ ನಿಘಂಟನ್ನು ನೋಡಬೇಕು. ಅದೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಮತ್ತು ಪಟ್ಟಿ ಹೇಳದೆ ಬಿಟ್ಟ ಬಳಕೆಯ ವಿವರಗಳಲ್ಲಿ ಅನೇಕವನ್ನು ಅದರಲ್ಲಿ ಓದಬಹುದು.